ರಾಕೆಟ್ ಮೇಲಿನ ‘4ಯು ಜಿ5’ ಅಂದರೇನು? ನಿಮ್ಮ ಆಟಕ್ಕೆ ಹೊಂದುವ ಬ್ಯಾಡ್ಮಿಂಟನ್ ರಾಕೆಟ್ ಆರಿಸುವುದು ಹೇಗೆ?

ಹೊಸ ಬ್ಯಾಡ್ಮಿಂಟನ್ ರಾಕೆಟ್ ಕೈಗೆತ್ತಿಕೊಂಡು ಹಿಡಿಯ ಮೇಲ್ತುದಿಯನ್ನು ನೋಡಿ. ಅಲ್ಲಿ ಚಿಕ್ಕ ಅಕ್ಷರಗಳಲ್ಲಿ ‘4ಯು ಜಿ5’ ಎಂದೋ ‘3ಯು ಜಿ4’ ಎಂದೋ ಬರೆದಿರುತ್ತದೆ. ಅಲ್ಲೇ ಎಲ್ಲೋ ‘20–28 ಎಲ್‌ಬಿಎಸ್’ ಎಂಬ ಅಂಕಿ. ವಿವರ ಓದಲು ಹೋದರೆ ‘ಹೆಡ್ ಹೆವಿ’, ‘ಎಕ್ಸ್‌ಟ್ರಾ ಸ್ಟಿಫ್’ ಎಂಬ ಮಾತುಗಳು. ಬಿಡುವಿನಲ್ಲಿ ಆಡಲು ಶುರುಮಾಡಿ, ಆಟದ ರುಚಿ ಹತ್ತಿ, ಈಗ ಸ್ವಂತದ್ದೊಂದು ರಾಕೆಟ್ ಬೇಕು ಅನ್ನುವವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಕೊನೆಗೆ ಬಣ್ಣ ನೋಡಿ ಕೊಳ್ಳುತ್ತಾರೆ. ಇಲ್ಲವೇ ಟಿವಿಯಲ್ಲಿ ಚಾಂಪಿಯನ್ ಒಬ್ಬರ ಕೈಯಲ್ಲಿ ಕಂಡದ್ದನ್ನೇ ತರುತ್ತಾರೆ.

ಚಾಂಪಿಯನ್ನರ ರಾಕೆಟ್ ತಂದವರಿಗೇ ನಿರಾಸೆ ಜಾಸ್ತಿ. ಹೊಡೆದ ಶಟಲ್ ಅರ್ಧ ಕೋರ್ಟಿಗೇ ಬೀಳುತ್ತದೆ, ಭುಜ ನೋಯುತ್ತದೆ, ಹಳೆಯ ರಾಕೆಟ್ಟೇ ವಾಸಿಯಿತ್ತು ಅನ್ನಿಸುತ್ತದೆ. ಆ ರಾಕೆಟ್ ಕೆಟ್ಟದ್ದೇನಲ್ಲ. ಅದನ್ನು ಮಾಡಿರುವುದು ಬೇರೆ ವೇಗದ ಕೈಗೆ, ಅಷ್ಟೇ. ರಾಕೆಟ್ ಆರಿಸುವಾಗ ಮೊದಲು ನೋಡಬೇಕಾದದ್ದು ನೀವು ಎಷ್ಟು ವೇಗವಾಗಿ ಬೀಸುತ್ತೀರಿ ಎಂಬುದನ್ನು. ಸಿಂಗಲ್ಸೋ ಡಬಲ್ಸೋ, ಮೇಲಿಂದ ಕೆಳಕ್ಕೆ ಬಲವಾಗಿ ಹೊಡೆಯುವ ಸ್ಮ್ಯಾಶ್ ಇಷ್ಟವೋ ನೆಟ್ ಹತ್ತಿರದ ಆಟ ಇಷ್ಟವೋ ಎಂಬುದೆಲ್ಲ ಆಮೇಲಿನ ಮಾತು. ಇಲ್ಲೂ ಅದೇ ಕ್ರಮದಲ್ಲಿ ಹೋಗೋಣ.

## ರಾಕೆಟ್‌ನ ಭಾಗಗಳು

ಕೈಯಲ್ಲಿ ಹಿಡಿಯುವ ಭಾಗ ಹಿಡಿ. ಅದರ ಮೇಲೆ ಸುತ್ತಿರುವ ಪಟ್ಟಿ ಗ್ರಿಪ್. ಹಿಡಿಯಿಂದ ಮೇಲೆ ಹೋಗುವ ತೆಳ್ಳನೆಯ ಕೋಲು ಶಾಫ್ಟ್. ತುದಿಯ ದುಂಡನೆಯ ಚೌಕಟ್ಟು ಫ್ರೇಮ್. ಫ್ರೇಮಿಗೆ ಬಿಗಿದ ದಾರ ಗಟ್. ಫ್ರೇಮ್ ಮತ್ತು ಗಟ್ ಸೇರಿದ ಇಡೀ ತಲೆಯ ಭಾಗವನ್ನು ಹೆಡ್ ಅನ್ನುತ್ತಾರೆ.

ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ನಿಯಮದ ಪ್ರಕಾರ ರಾಕೆಟ್‌ನ ಒಟ್ಟು ಉದ್ದ 680 ಮಿ.ಮೀ., ಅಗಲ 230 ಮಿ.ಮೀ. ಮೀರುವಂತಿಲ್ಲ. ತೂಕಕ್ಕೆ ಮಾತ್ರ ಇಂಥ ಮಿತಿ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಸಿಗುವ ದೊಡ್ಡವರ ರಾಕೆಟ್‌ಗಳ ಉದ್ದ ಹೆಚ್ಚುಕಡಿಮೆ ಒಂದೇ ಇರುತ್ತದೆ. ವ್ಯತ್ಯಾಸವೆಲ್ಲ ತೂಕ, ಆ ತೂಕ ಹಂಚಿಕೊಂಡಿರುವ ರೀತಿ ಮತ್ತು ಶಾಫ್ಟ್ ಬಾಗುವ ಪ್ರಮಾಣದಲ್ಲಿ.

ಯಾವುದರಿಂದ ಮಾಡಿದ್ದಾರೆ ಎಂಬುದನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ತೀರಾ ಅಗ್ಗದ ರಾಕೆಟ್‌ಗಳಲ್ಲಿ ಫ್ರೇಮ್ ಅಲ್ಯುಮಿನಿಯಮ್ಮಿನದು, ಶಾಫ್ಟ್ ಉಕ್ಕಿನದು. ಎರಡೂ ಸೇರುವ ಕಡೆ ಒಂದು ಬೆಸುಗೆ ಕಣ್ಣಿಗೆ ಕಾಣುತ್ತದೆ. ಇವು ಭಾರ, ಗಟ್ಟನ್ನು ಬಿಗಿಯಾಗಿ ಕಟ್ಟಿಸಿದರೆ ಫ್ರೇಮ್ ತಡೆಯುವುದಿಲ್ಲ. ಅಂಗಳದಲ್ಲಿ ಮಕ್ಕಳ ಜೊತೆ ಆಡಲು ಸಾಕು. ಒಳಾಂಗಣ ಕೋರ್ಟಿನಲ್ಲಿ ವಾರಕ್ಕೆ ಎರಡು ಸಲವಾದರೂ ಆಡುವವರು ಪೂರ್ತಿ ಕಾರ್ಬನ್ ನಾರಿನ, ಅಂದರೆ ಗ್ರಾಫೈಟ್ ರಾಕೆಟ್ಟನ್ನೇ ಕೊಳ್ಳುವುದು ಒಳ್ಳೆಯದು. ಇದರಲ್ಲಿ ಶಾಫ್ಟ್ ಮತ್ತು ಫ್ರೇಮ್ ಒಂದೇ ತುಂಡಿನಂತೆ ಕೂಡಿಕೊಂಡಿರುತ್ತವೆ. ಮುಂದೆ ಹೇಳುವುದೆಲ್ಲ ಇಂಥ ರಾಕೆಟ್‌ಗಳ ಬಗ್ಗೆ.

## ನಿಮ್ಮ ಕೈಯ ವೇಗ ಎಷ್ಟು?

ಇದನ್ನು ತಿಳಿಯಲು ಯಂತ್ರ ಬೇಕಿಲ್ಲ, ಕೋರ್ಟ್ ಸಾಕು. ಕೋರ್ಟಿನ ಒಂದು ಕೊನೆಯ ಗೆರೆಯಿಂದ ಇನ್ನೊಂದು ಕೊನೆಯ ಗೆರೆಗೆ 13.40 ಮೀಟರ್. ನಿಮ್ಮ ಕಡೆಯ ಕೊನೆಯ ಗೆರೆಯ ಹತ್ತಿರ ನಿಂತುಕೊಳ್ಳಿ. ಜೊತೆಯವರು ಎತ್ತರಕ್ಕೆ ಕಳಿಸಿದ ಶಟಲ್ಲನ್ನು ತಲೆಯ ಮೇಲಿಂದ ಎದುರಿನ ಕೊನೆಯ ಗೆರೆಯ ಕಡೆಗೆ ಹೊಡೆಯಿರಿ. ಈ ಏಟಿಗೆ ಕ್ಲಿಯರ್ ಎಂದು ಹೆಸರು. ಜಿಗಿಯಬೇಡಿ, ಮೈಯೆಲ್ಲ ಬಿಗಿಮಾಡಿ ಬಲ ಹಾಕಬೇಡಿ. ಆಡುವಾಗ ಹೇಗೆ ಹೊಡೆಯುತ್ತೀರೋ ಹಾಗೇ ಹೊಡೆಯಿರಿ.

ಎದುರಿನ ಕೋರ್ಟಿನ ಹಿಂಭಾಗದಲ್ಲಿ ಎರಡು ಅಡ್ಡಗೆರೆಗಳಿವೆ. ಒಂದು ಕೊನೆಯದು, ಇನ್ನೊಂದು ಅದಕ್ಕಿಂತ 76 ಸೆಂ.ಮೀ. ಒಳಗಿರುವ ಡಬಲ್ಸ್ ಸರ್ವಿಸ್ ಗೆರೆ. ಹತ್ತು ಏಟಿನಲ್ಲಿ ಏಳೆಂಟು ಈ ಎರಡು ಗೆರೆಗಳ ಆಸುಪಾಸಿನಲ್ಲಿ ಬಿದ್ದರೆ ನಿಮ್ಮ ಕೈ ವೇಗವಾಗಿದೆ. ಅಲ್ಲಿಯವರೆಗೆ ಹೋಗುತ್ತದೆ, ಆದರೆ ಪ್ರತಿ ಸಲವೂ ಕಷ್ಟಪಡಬೇಕು ಅನ್ನಿಸಿದರೆ ಮಧ್ಯಮ. ಕೋರ್ಟಿನ ನಡುವಿಗೇ ಬೀಳುತ್ತಿದ್ದರೆ ವೇಗ ಇನ್ನೂ ಬರಬೇಕು. ಬ್ಯಾಕ್‌ಹ್ಯಾಂಡಿನಲ್ಲೂ ಕೊನೆಯ ಗೆರೆಗೆ ಮುಟ್ಟಿಸಬಲ್ಲವರಾದರೆ ಈ ಲೇಖನದ ಅರ್ಧ ನಿಮಗೆ ಬೇಕಾಗಲಿಕ್ಕಿಲ್ಲ.

ಹೊಡೆತದ ದೂರ ತೋಳಿನ ದಪ್ಪದಿಂದ ಬರುವುದಿಲ್ಲ. ಮುಂಗೈ ತಿರುಗುವ ಬಿರುಸು ಮತ್ತು ಕೊನೇ ಗಳಿಗೆಯಲ್ಲಿ ಬೆರಳುಗಳು ಹಿಡಿಯನ್ನು ಬಿಗಿಹಿಡಿಯುವ ಹದದಿಂದ ಬರುತ್ತದೆ. ಹಾಗಾಗಿ ತೆಳ್ಳಗಿರುವ ಹುಡುಗಿಯೊಬ್ಬಳು ಕೊನೆಯವರೆಗೆ ಹೊಡೆಯುತ್ತಾಳೆ, ಜಿಮ್ಮಿಗೆ ಹೋಗುವ ಗಟ್ಟಿಗನ ಏಟು ನಡುವಿಗೇ ಬೀಳುತ್ತದೆ. ‘ನನಗೆ ಶಕ್ತಿ ಇದೆ, ಭಾರದ ರಾಕೆಟ್ ನಡೆಯುತ್ತೆ’ ಎಂಬ ಲೆಕ್ಕ ತಪ್ಪುವುದು ಇಲ್ಲೇ.

## ಯು ಅಂದರೆ ತೂಕ

ಗಟ್ ಮತ್ತು ಮೇಲಿಂದ ಸುತ್ತುವ ಗ್ರಿಪ್ ಸೇರಿಸದೆ, ಬರೀ ರಾಕೆಟ್ ಎಷ್ಟು ತೂಗುತ್ತದೆ ಎಂಬುದನ್ನು ಯು ಹೇಳುತ್ತದೆ. 3ಯು ಅಂದರೆ 85ರಿಂದ 89 ಗ್ರಾಂ. 4ಯು ಅಂದರೆ 80ರಿಂದ 84. 5ಯು ಅಂದರೆ 75ರಿಂದ 79. ಅಂಕಿ ದೊಡ್ಡದಾದಷ್ಟೂ ರಾಕೆಟ್ ಹಗುರ. ಮೊದಲ ಸಲ ಕೊಳ್ಳುವವರು ಇದನ್ನು ತಿರುಗುಮುರುಗಾಗಿ ತಿಳಿಯುವುದು ಸಾಮಾನ್ಯ. 90 ಗ್ರಾಂ ಮೇಲ್ಪಟ್ಟ 2ಯು ಈಗ ಅಪರೂಪ. ಕೆಲವು ಕಂಪನಿಗಳು ಯು ಬಿಟ್ಟು ನೇರವಾಗಿ ಗ್ರಾಂನಲ್ಲೇ ಬರೆಯುತ್ತವೆ.

ಐದು ಗ್ರಾಂ ಅಂದರೆ ಏನು ಮಹಾ, ಅಲ್ವಾ? ಅಂಗಡಿಯಲ್ಲಿ ನಿಂತು ಹಿಡಿದಾಗ ಏನೂ ಅಲ್ಲ. ಒಂದು ತಾಸು ಆಡಿದ ಮೇಲೆ ಗೊತ್ತಾಗುತ್ತದೆ. ಕೈ ದಣಿದಂತೆಲ್ಲ ರಾಕೆಟ್ ಏಳುವುದು ತಡವಾಗುತ್ತದೆ, ಶಟಲ್ಲಿಗೆ ತಡವಾಗಿ ತಗಲುತ್ತದೆ, ಏಟು ನೆಟ್ಟಿಗೆ ಹೋಗುತ್ತದೆ. ಭಾರದ ರಾಕೆಟ್‌ಗೆ ಒಂದು ಗುಣವಿದೆ. ಶಟಲ್ ತಗುಲಿದಾಗ ಅದು ಅಲುಗುವುದು ಕಡಿಮೆ, ಏಟು ಗಟ್ಟಿಯಾಗಿ ಕೂರುತ್ತದೆ. ಹಗುರ ರಾಕೆಟ್ ಬೇಗ ತಿರುಗುತ್ತದೆ, ಆದರೆ ತೀರಾ ಹಗುರವಾದರೆ ಹಿಂಭಾಗದ ಏಟುಗಳಿಗೆ ಪೂರ್ತಿ ಬಲವನ್ನು ನೀವೇ ಹಾಕಬೇಕು. ಬಹಳಷ್ಟು ಜನರಿಗೆ 4ಯು ಸರಿಹೋಗುತ್ತದೆ. ಗೊತ್ತಾಗದಿದ್ದರೆ ಅದನ್ನೇ ಆರಿಸಿ.

## ಆ ತೂಕ ಎಲ್ಲಿದೆ?

ಎರಡು ರಾಕೆಟ್‌ಗಳ ತೂಕ ಸರಿಸಮ ಇದ್ದರೂ ಕೈಗೆ ಒಂದು ಭಾರ, ಒಂದು ಹಗುರ ಅನ್ನಿಸಬಹುದು. ಸುತ್ತಿಗೆಯನ್ನು ಮರದ ಕಾವಿನ ತುದಿಯಲ್ಲಿ ಹಿಡಿದು ಬೀಸಿ ನೋಡಿ. ಆಮೇಲೆ ಅದನ್ನೇ ತಿರುಗಿಸಿ, ಕಬ್ಬಿಣದ ತಲೆಯನ್ನು ಹಿಡಿದು ಕಾವನ್ನು ಬೀಸಿ. ತೂಕ ಅಷ್ಟೇ ಇದ್ದರೂ ಎರಡನೆಯ ಸಲ ಸಲೀಸಾಗಿ ತಿರುಗುತ್ತದೆ. ಭಾರ ಕೈಯಿಂದ ದೂರವಿದ್ದಷ್ಟೂ ಅದನ್ನು ತಿರುಗಿಸಲು, ತಿರುಗುತ್ತಿರುವುದನ್ನು ನಿಲ್ಲಿಸಲು ಜಾಸ್ತಿ ಬಲ ಬೇಕು. ರಾಕೆಟ್‌ನ ಬ್ಯಾಲೆನ್ಸ್ ಅನ್ನುವುದು ಇದನ್ನೇ.

ಅಳೆಯುವುದು ಸುಲಭ. ಶಾಫ್ಟ್ ಕೆಳಗೆ ಒಂದು ಬೆರಳಿಟ್ಟು ರಾಕೆಟ್ ಎರಡೂ ಕಡೆಗೆ ವಾಲದೆ ನಿಲ್ಲುವ ಜಾಗ ಹುಡುಕಿ. ಹಿಡಿಯ ಬುಡದಿಂದ ಆ ಜಾಗಕ್ಕೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 285 ಮಿ.ಮೀ. ಒಳಗಿದ್ದರೆ ಹೆಡ್ ಲೈಟ್. 285ರಿಂದ 295ರ ಆಸುಪಾಸು ಈವನ್ ಬ್ಯಾಲೆನ್ಸ್. ಅದನ್ನು ದಾಟಿದರೆ ಹೆಡ್ ಹೆವಿ. ಕಂಪನಿಯಿಂದ ಕಂಪನಿಗೆ ಈ ಗಡಿಗಳು ಸ್ವಲ್ಪ ಆಚೀಚೆ ಆಗುತ್ತವೆ.

ಕಂಪನಿಗಳು ತಮ್ಮ ಸರಣಿಗಳಿಗೆ ಇಟ್ಟ ಹೆಸರುಗಳಿಂದಲೂ ಅಂದಾಜು ಸಿಗುತ್ತದೆ. ಯೋನೆಕ್ಸ್‌ನಲ್ಲಿ ಆಸ್ಟ್ರಾಕ್ಸ್ ಸರಣಿ ಹೆಡ್ ಹೆವಿ ಕಡೆಗೆ, ನ್ಯಾನೊಫ್ಲೇರ್ ಹೆಡ್ ಲೈಟ್ ಕಡೆಗೆ, ಆರ್ಕ್‌ಸೇಬರ್ ನಡುವೆ. ವಿಕ್ಟರ್‌ನಲ್ಲಿ ಬಲದ ಆಟಕ್ಕೆ ಥ್ರಸ್ಟರ್, ವೇಗದ ಆಟಕ್ಕೆ ಔರಾಸ್ಪೀಡ್. ಲಿ-ನಿಂಗ್‌ನಲ್ಲಿ ಆಕ್ಸ್‌ಫೋರ್ಸ್ ಮತ್ತು ಬ್ಲೇಡೆಕ್ಸ್ ಇದೇ ರೀತಿಯ ಜೋಡಿ.

ಹೆಡ್ ಹೆವಿ ಇದ್ದರೆ ಸ್ಮ್ಯಾಶ್ ಜೋರಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಶಟಲ್ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಹೆಡ್‌ನಲ್ಲಿರುವ ತೂಕ ಒಂದು, ಹೆಡ್ ಬರುತ್ತಿರುವ ವೇಗ ಇನ್ನೊಂದು. ತೂಕದ ಹೆಡ್ಡನ್ನೂ ಅದೇ ವೇಗದಲ್ಲಿ ಬೀಸಬಲ್ಲವರಿಗೆ ಏಟು ಖಂಡಿತ ಜೋರಾಗುತ್ತದೆ. ಬೀಸಲಾಗದೆ ವೇಗ ಇಳಿದುಹೋದರೆ ಲಾಭವೆಲ್ಲ ಅಲ್ಲಿಗೇ ಮುಗಿಯಿತು.

ಇದಕ್ಕೊಂದು ಒಳ್ಳೆಯ ಸಾಕ್ಷಿಯಿದೆ. 2023ರ ಏಪ್ರಿಲ್ 14ರಂದು ಜಪಾನಿನ ಸೋಕಾದಲ್ಲಿ ಭಾರತದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಬರೆದರು. ಆಗ ಅವರ ಕೈಯಲ್ಲಿದ್ದದ್ದು ನ್ಯಾನೊಫ್ಲೇರ್ 1000ಝಡ್, ಒಂದು ಹೆಡ್ ಲೈಟ್ ರಾಕೆಟ್. ಅದಕ್ಕೂ ಹತ್ತು ವರ್ಷ ಹಿಂದೆ, 2013ರಲ್ಲಿ, ಮಲೇಷ್ಯಾದ ತಾನ್ ಬೂನ್ ಹಿಯೊಂಗ್ ಗಂಟೆಗೆ 493 ಕಿ.ಮೀ. ವೇಗ ಮುಟ್ಟಿದ್ದೂ ನ್ಯಾನೊರೇ ಝಡ್-ಸ್ಪೀಡ್ ಎಂಬ, ಹೆಡ್ ಲೈಟ್ ಸರಣಿಯ ರಾಕೆಟ್‌ನಲ್ಲೇ. ಇವೆರಡೂ ಪಂದ್ಯದಲ್ಲಿ ಅಲ್ಲ, ವೇಗ ಅಳೆಯಲೆಂದೇ ಏರ್ಪಡಿಸಿದ ಪರೀಕ್ಷೆಯಲ್ಲಿ ದಾಖಲಾದವು. ಆದರೂ ಜೋರಾದ ಸ್ಮ್ಯಾಶ್‌ಗೆ ಹೆಡ್ ಹೆವಿಯೇ ಆಗಬೇಕೆಂದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಹೆಡ್ ಹೆವಿಯ ಉಪಯೋಗವೇನು? ಹಿಂಭಾಗದಿಂದ ಹೊಡೆಯುವಾಗ ತೂಕವೇ ಏಟನ್ನು ಮುಂದಕ್ಕೆ ಒಯ್ಯುತ್ತದೆ. ಪೂರ್ತಿ ಕೈ ಬೀಸಲು ಸಮಯ ಸಿಗುವ ಆಟದಲ್ಲಿ ಇದು ದೊಡ್ಡ ನೆರವು. ಸಮಯ ಸಿಗದ ಕಡೆ ಅದೇ ತೊಡಕಾಗುತ್ತದೆ. ಎದುರಾಳಿ ಮೈಮೇಲೆ ಸ್ಮ್ಯಾಶ್ ಹೊಡೆದಾಗ, ನೆಟ್ ಹತ್ತಿರ ಶಟಲ್ ಪಟಪಟನೆ ಅತ್ತಿತ್ತ ಹೋಗುವಾಗ, ಹೆಡ್ ಲೈಟ್ ರಾಕೆಟ್ ನಿಮಗಿಂತ ಮುಂಚೆ ಸಿದ್ಧವಾಗಿ ನಿಂತಿರುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಬ್ಯಾಲೆನ್ಸ್ ಕೊಂಡ ಮೇಲೂ ಬದಲಾಗುತ್ತದೆ. 85 ಗ್ರಾಂ ತೂಕದ, 290 ಮಿ.ಮೀ. ಬ್ಯಾಲೆನ್ಸಿನ ರಾಕೆಟ್ ತೆಗೆದುಕೊಳ್ಳಿ. ನಾಲ್ಕು ಗ್ರಾಂನಷ್ಟು ಗಟ್ ಹಾಕಿಸಿದರೆ ಬ್ಯಾಲೆನ್ಸ್ ಸುಮಾರು 11 ಮಿ.ಮೀ. ಹೆಡ್ ಕಡೆಗೆ ಜರುಗುತ್ತದೆ. ಹಿಡಿಗೆ ಐದು ಗ್ರಾಂನ ಗ್ರಿಪ್ ಒಂದನ್ನು ಮೇಲಿಂದ ಸುತ್ತಿದರೆ ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೆ ಬರುತ್ತದೆ. ಎರಡು ಗ್ರಿಪ್ ಸುತ್ತಿಕೊಂಡವರ ಹೆಡ್ ಹೆವಿ ರಾಕೆಟ್, ಅವರಿಗೇ ಗೊತ್ತಿಲ್ಲದೆ, ಈವನ್ ಬ್ಯಾಲೆನ್ಸ್ ಆಗಿಬಿಟ್ಟಿರುತ್ತದೆ. ಈಗಿರುವ ರಾಕೆಟ್ ಸ್ವಲ್ಪ ಮುಂದಕ್ಕೆ ಭಾರ ಅನ್ನಿಸುತ್ತಿದ್ದರೆ ಹೊಸದು ಕೊಳ್ಳುವ ಮುಂಚೆ ಒಂದು ಗ್ರಿಪ್ ಸುತ್ತಿ ನೋಡಬಹುದು.

## ಶಾಫ್ಟ್ ಎಷ್ಟು ಬಾಗಬೇಕು?

ಆಟಗಾರರು ಹೊಡೆಯುವುದನ್ನು ನಿಧಾನಗತಿಯ ವಿಡಿಯೊದಲ್ಲಿ ನೋಡಿ. ಕೈ ಮುಂದಕ್ಕೆ ಬಂದಾಗ ರಾಕೆಟ್‌ನ ಹೆಡ್ ಸ್ವಲ್ಪ ಹಿಂದೆಯೇ ಉಳಿಯುತ್ತದೆ, ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಶಟಲ್ ತಗಲುವ ಹೊತ್ತಿಗೆ ಅದು ನೆಟ್ಟಗಾಗುತ್ತದೆ. ಹಾಗೆ ನೆಟ್ಟಗಾಗುವಾಗ ಹೆಡ್‌ಗೆ ಇನ್ನಷ್ಟು ವೇಗ ಸಿಗುತ್ತದೆ. ಶಾಫ್ಟ್‌ನ ಬಿಗಿ ಎಷ್ಟಿರಬೇಕು ಎಂಬ ಪ್ರಶ್ನೆಯೆಲ್ಲ ಈ ಬಾಗುವ ಮತ್ತು ನೆಟ್ಟಗಾಗುವ ಹೊತ್ತಿನದು.

ನಿಧಾನವಾಗಿ ಬೀಸುವವರ ಕೈಯಲ್ಲಿ ಬಿಗಿಯಾದ ಶಾಫ್ಟ್ ಬಾಗುವುದೇ ಇಲ್ಲ. ಬಾಗದ ಮೇಲೆ ಮರಳಿ ಕೊಡಲು ಅದರಲ್ಲಿ ಏನೂ ಇಲ್ಲ. ಅಷ್ಟೂ ಬಲವನ್ನು ಭುಜವೇ ಹೊರಬೇಕು. ಏಟು ತಗುಲಿದ ನಡುಕವೂ ನೇರವಾಗಿ ಮೊಣಕೈಗೆ ಬರುತ್ತದೆ. ಬೀಸು ವೇಗವಾಗಿರುವವರಿಗೆ ಮೆತ್ತನೆಯ ಶಾಫ್ಟ್ ಕೊಟ್ಟರೆ ಇದರ ಉಲ್ಟಾ ತೊಂದರೆ. ಶಾಫ್ಟ್ ಜಾಸ್ತಿ ಬಾಗುತ್ತದೆ, ಶಟಲ್ ತಗಲುವಾಗ ಹೆಡ್ ಇನ್ನೂ ಹಿಂದೆಯೇ ಇರುತ್ತದೆ. ಗುರಿ ಇಟ್ಟ ಕಡೆ ಶಟಲ್ ಹೋಗುವುದಿಲ್ಲ.

ಆದ್ದರಿಂದ ಕ್ಲಿಯರ್ ಇನ್ನೂ ಕೋರ್ಟಿನ ನಡುವಿಗೆ ಬೀಳುತ್ತಿದ್ದರೆ ಫ್ಲೆಕ್ಸಿಬಲ್ ಶಾಫ್ಟ್. ಮಧ್ಯಮ ಕೈಗೆ ಮೀಡಿಯಂ. ಸಲೀಸಾಗಿ ಕೊನೆಯವರೆಗೆ ಮುಟ್ಟಿಸುವವರಿಗೆ ಸ್ಟಿಫ್. ಎಕ್ಸ್‌ಟ್ರಾ ಸ್ಟಿಫ್ ಅನ್ನುವುದು ದಿನಾ ತರಬೇತಿ ಮಾಡುವವರಿಗೆ. ಡೆನ್ಮಾರ್ಕಿನ ಆಟಗಾರ ವಿಕ್ಟರ್ ಅಕ್ಸೆಲ್ಸೆನ್ ಆಡುತ್ತಿದ್ದ ಆಸ್ಟ್ರಾಕ್ಸ್ 100ಝಡ್‌ಝಡ್ ಹೆಡ್ ಹೆವಿಯೂ ಹೌದು, ಎಕ್ಸ್‌ಟ್ರಾ ಸ್ಟಿಫ್ ಕೂಡ ಹೌದು. ಅವರ ಎತ್ತರ, ಅವರ ಕೈಯ ವೇಗ, ಬಾಲ್ಯದಿಂದ ಮಾಡಿದ ತರಬೇತಿ ಇವೆಲ್ಲ ಸೇರಿ ಆ ಶಾಫ್ಟನ್ನು ಬಾಗಿಸುತ್ತವೆ. ವಾರಾಂತ್ಯದಲ್ಲಿ ಆಡುವವರ ಕೈಯಲ್ಲಿ ಅದೇ ರಾಕೆಟ್ ಅಲುಗದ ಕೋಲು.

ಕಂಪನಿಗಳು ಬಿಗಿಯನ್ನು ಅಳೆಯುವ ಲೆಕ್ಕ ಒಂದೇ ಅಲ್ಲ. ಒಬ್ಬರ ‘ಸ್ಟಿಫ್’ ಇನ್ನೊಬ್ಬರ ‘ಮೀಡಿಯಂ’ ಆಗಿರಬಹುದು. ಒಂದೇ ಕಂಪನಿಯ ರಾಕೆಟ್‌ಗಳನ್ನು ಹೋಲಿಸಲು ಈ ಹೆಸರುಗಳು ನೆರವಾಗುತ್ತವೆ. ಬೇರೆ ಬೇರೆ ಕಂಪನಿಯವನ್ನು ಹೋಲಿಸಬೇಕಾದರೆ ಹೊಡೆದು ನೋಡುವುದೇ ದಾರಿ.

## ಗಟ್ಟು, ಅದರ ಬಿಗಿ

ಶಟಲ್‌ಗೆ ನಿಜವಾಗಿ ತಗಲುವುದು ಗಟ್ಟು ಮಾತ್ರ. ಆದರೂ ರಾಕೆಟ್‌ಗೆ ಮನಸಾರೆ ಖರ್ಚು ಮಾಡಿ, ಗಟ್ಟಿಂಗ್ ಮಾಡಿಸುವಾಗ ‘ಯಾವುದಾದರೂ ಹಾಕಿ’ ಎಂದು ಹೇಳಿ ಬರುವವರೇ ಜಾಸ್ತಿ. ನನ್ನನ್ನು ಕೇಳಿದರೆ, ಮಧ್ಯಮ ದರ್ಜೆಯ ರಾಕೆಟ್‌ಗೆ ಹದವಾಗಿ ಕಟ್ಟಿದ ಒಳ್ಳೆಯ ಗಟ್ಟು, ದುಬಾರಿ ರಾಕೆಟ್‌ನ ಸಡಿಲು ಗಟ್ಟಿಗಿಂತ ಎಷ್ಟೋ ಮೇಲು.

ಗಟ್ಟಿನ ಬಿಗಿಗೆ ಟೆನ್ಷನ್ ಅನ್ನುತ್ತಾರೆ, ಪೌಂಡ್ ಲೆಕ್ಕದಲ್ಲಿ ಹೇಳುತ್ತಾರೆ. 24 ಪೌಂಡ್ ಅಂದರೆ ಪ್ರತಿ ಎಳೆಯನ್ನೂ ಯಂತ್ರ ಸುಮಾರು 11 ಕಿಲೋ ಭಾರದಷ್ಟು ಬಲದಿಂದ ಎಳೆದು ಕಟ್ಟಿದೆ ಎಂದರ್ಥ. ಶುರುವಿನಲ್ಲಿ ಹೇಳಿದ ‘20–28 ಎಲ್‌ಬಿಎಸ್’ ಇದೇ. ಫ್ರೇಮ್ ತಾಳಿಕೊಳ್ಳುವ ಬಿಗಿಯ ಮಿತಿ ಅದು. ಇದನ್ನು ಮೀರಿ ಕಟ್ಟಿಸಿದ ಫ್ರೇಮ್ ಸೀಳಿದರೆ ಕಂಪನಿ ಹೊಣೆ ಹೊರುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಬಿಗಿ ಜಾಸ್ತಿಯಾದರೆ ಏಟು ಜೋರಾಗುತ್ತದೆ ಎಂಬುದು. ನಡೆಯುವುದು ಬೇರೆ. ಸ್ವಲ್ಪ ಸಡಿಲವಿರುವ ಗಟ್ಟು ಶಟಲ್ ತಗುಲಿದಾಗ ಒಳಕ್ಕೆ ತಗ್ಗಿ, ಮರಳಿ ಚಿಮ್ಮಿ, ಅದನ್ನು ದೂಡುತ್ತದೆ. ನಿಧಾನವಾಗಿ ಬೀಸುವವರಿಗೂ ಇದರಿಂದ ದೂರ ಸಿಗುತ್ತದೆ. ಬಿಗಿಯಾದ ಗಟ್ಟು ಅಷ್ಟು ತಗ್ಗುವುದಿಲ್ಲ. ಅದರಿಂದ ಸಿಗುವುದು ನಿಖರತೆ. ಶಟಲ್ ಎಲ್ಲಿ ತಗುಲಿತು ಎಂಬುದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ನೆಟ್ ಹತ್ತಿರದ ಸಣ್ಣ ಏಟುಗಳು ಹೇಳಿದ ಮಾತು ಕೇಳುತ್ತವೆ. ಅದಕ್ಕೆ ಬೆಲೆಯೂ ಇದೆ. ದೂರಕ್ಕೆ ಬೇಕಾದ ವೇಗವನ್ನು ನೀವೇ ತರಬೇಕು. ಗಟ್ಟಿನ ನಡುವೆ ಏಟು ಚೆನ್ನಾಗಿ ಕೂರುವ ಜಾಗ, ಅಂದರೆ ಸ್ವೀಟ್ ಸ್ಪಾಟ್, ಚಿಕ್ಕದಾಗುತ್ತದೆ. ನಡುವಿಗೆ ಸರಿಯಾಗಿ ತಗುಲಿಸಲು ಇನ್ನೂ ಕಲಿಯುತ್ತಿರುವವರಿಗೆ ಇದು ದಂಡವೇ ಸರಿ.

ಹೊಸಬರಿಗೆ 20ರಿಂದ 22 ಪೌಂಡ್ ಸಾಕು. ನಿಯಮಿತವಾಗಿ ಆಡಿ ಏಟುಗಳು ಹದಕ್ಕೆ ಬಂದವರಿಗೆ 23ರಿಂದ 25. ಅದರ ಮೇಲೆ ಹೋಗುವುದಾದರೆ ಒಂದೊಂದೇ ಪೌಂಡ್ ಏರಿಸುತ್ತಾ ಹೋಗಿ. 30ರ ಆಸುಪಾಸಿನ ಟೆನ್ಷನ್ ವೃತ್ತಿಪರರದು. ನಿಮ್ಮ ಗಟ್ಟು ಪದೇ ಪದೇ ಫ್ರೇಮಿನ ಅಂಚಿನ ಹತ್ತಿರ ತುಂಡಾಗುತ್ತಿದ್ದರೆ ಏಟು ನಡುವಿಗೆ ಬೀಳುತ್ತಿಲ್ಲ ಎಂದು ತಿಳಿಯಿರಿ. ಅಂಥವರು ಒಂದೆರಡು ಪೌಂಡ್ ಇಳಿಸಿದರೆ ಆಟಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

ಗಟ್ಟಿನ ದಪ್ಪ ಸಾಮಾನ್ಯವಾಗಿ 0.61ರಿಂದ 0.70 ಮಿ.ಮೀ. ಯೋನೆಕ್ಸ್‌ನ ಬಿಜಿ65 ಗಟ್ಟಿನದು 0.70. ಬಾಳಿಕೆಗೆ ಹೆಸರಾದದ್ದು, ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ. ಬಿಜಿ66 ಅಲ್ಟಿಮ್ಯಾಕ್ಸ್‌ನದು 0.65. ತೆಳುವಾದಷ್ಟೂ ಚಿಮ್ಮುವ ಗುಣ ಜಾಸ್ತಿ, ಆಯಸ್ಸು ಕಡಿಮೆ.

ಗಟ್ಟು ತುಂಡಾಗದಿದ್ದರೂ ಬಿಗಿ ಕಳೆದುಕೊಳ್ಳುತ್ತಲೇ ಇರುತ್ತದೆ. ಕಟ್ಟಿಸಿದ ಮೊದಲ ದಿನಗಳಲ್ಲೇ ಈ ಇಳಿತ ಹೆಚ್ಚು. ಏಟಿನ ‘ಟಣ್’ ಅನ್ನುವ ಸದ್ದು ಮಂದವಾದರೆ, ಹೆಣಿಗೆಯ ಚೌಕಗಳು ತಾವಾಗಿ ಜರುಗತೊಡಗಿದರೆ ಬದಲಿಸುವ ಹೊತ್ತು ಬಂದಿದೆ. ಆಡುವಾಗ ಗಟ್ಟು ತುಂಡಾದರೆ ಉಳಿದ ಎಳೆಗಳನ್ನೂ ಕೂಡಲೇ ಕತ್ತರಿಸಿ. ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ ಹೋಗಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೆ ಫ್ರೇಮ್ ಸೊಟ್ಟಗಾಗಬಹುದು.

## ಜಿ ಅಂದರೆ ಹಿಡಿಯ ದಪ್ಪ

ಯೋನೆಕ್ಸ್ ಲೆಕ್ಕದಲ್ಲಿ ಜಿ4 ದಪ್ಪ, ಜಿ5 ಅದಕ್ಕಿಂತ ತೆಳು, ಜಿ6 ಇನ್ನೂ ತೆಳು. ಬೇರೆ ಕಂಪನಿಗಳ ಗುರುತುಗಳು ಬೇರೆ ಇರಬಹುದು, ಕೇಳಿ ಕೊಳ್ಳಿ. ಅನುಮಾನವಿದ್ದರೆ ತೆಳುವಾದದ್ದನ್ನೇ ತೆಗೆದುಕೊಳ್ಳಿ. ತೆಳು ಹಿಡಿಗೆ ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪ ಹಿಡಿಯನ್ನು ಸಣ್ಣದು ಮಾಡುವುದು ಸುಲಭವಲ್ಲ.

ಬ್ಯಾಡ್ಮಿಂಟನ್‌ನಲ್ಲಿ ರಾಕೆಟ್ಟನ್ನು ಸದಾ ಬಿಗಿಹಿಡಿದುಕೊಳ್ಳುವುದಿಲ್ಲ. ಸಡಿಲವಾಗಿ ಹಿಡಿದು, ಏಟು ತಗಲುವ ಗಳಿಗೆಯಲ್ಲಿ ಬೆರಳುಗಳಿಂದ ಹಿಂಡುತ್ತಾರೆ. ಫೋರ್‌ಹ್ಯಾಂಡ್‌ನಿಂದ ಬ್ಯಾಕ್‌ಹ್ಯಾಂಡ್‌ಗೆ ಹೋಗುವಾಗ ಹಿಡಿ ಬೆರಳುಗಳ ನಡುವೆ ತಿರುಗಬೇಕು. ಹಿಡಿ ತೀರಾ ದಪ್ಪವಾದರೆ ಈ ತಿರುಗಾಟ ಆಗುವುದಿಲ್ಲ. ತೀರಾ ತೆಳುವಾದರೆ ಜಾರೀತೆಂದು ಕೈ ತಾನಾಗಿ ಬಿಗಿಯಾಗುತ್ತದೆ, ಮುಂಗೈ ಬೇಗ ದಣಿಯುತ್ತದೆ. ಆರಾಮಾಗಿ ಹಿಡಿದಾಗ ಬೆರಳ ತುದಿ ಮತ್ತು ಅಂಗೈ ನಡುವೆ ಸಣ್ಣ ಸಂದು ಉಳಿದರೆ ಹಿಡಿ ಸರಿಯಾಗಿದೆ. ಜಾಸ್ತಿ ಬೆವರುವ ಕೈಗೆ ಟವೆಲ್ ಗ್ರಿಪ್ ಒಳ್ಳೆಯದು, ಆದರೆ ಅದು ಬೇಗ ಕೊಳೆಯಾಗುತ್ತದೆ, ತೂಕವೂ ಸ್ವಲ್ಪ ಜಾಸ್ತಿ.

## ಹೆಡ್‌ನ ಆಕಾರ

ಹಿಂದೆ ಹೆಡ್ ಮೊಟ್ಟೆಯಾಕಾರದಲ್ಲಿರುತ್ತಿತ್ತು. ಈಗಿನ ಬಹುತೇಕ ರಾಕೆಟ್‌ಗಳಲ್ಲಿ ಮೇಲ್ತುದಿ ಸ್ವಲ್ಪ ಚೌಕ. ಇದಕ್ಕೆ ಐಸೊಮೆಟ್ರಿಕ್ ಎಂಬ ಹೆಸರಿದೆ. ಇದರಲ್ಲಿ ಸ್ವೀಟ್ ಸ್ಪಾಟ್ ದೊಡ್ಡದು. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

## ಯಾರಿಗೆ ಯಾವುದು?

ಈಗ ತಾನೇ ಆಟ ಶುರುಮಾಡಿದವರಿಗೆ 4ಯು ತೂಕ, ಈವನ್ ಬ್ಯಾಲೆನ್ಸ್, ಫ್ಲೆಕ್ಸಿಬಲ್ ಅಥವಾ ಮೀಡಿಯಂ ಶಾಫ್ಟ್, 20ರಿಂದ 22 ಪೌಂಡ್ ಗಟ್ಟು. ಈ ಹಂತದಲ್ಲಿ ‘ನನ್ನ ಶೈಲಿ ಯಾವುದು’ ಎಂದು ಯೋಚಿಸುವುದು ಬೇಡ. ಶೈಲಿ ಇನ್ನೂ ಮೂಡಿಲ್ಲ. ಎಲ್ಲ ಏಟುಗಳನ್ನೂ ಸಮನಾಗಿ ಕಲಿಯಲು ಬಿಡುವ ರಾಕೆಟ್ ಬೇಕು. ಹೆಡ್ ಹೆವಿ ಹಿಡಿದು ಕಲಿತವರು ನೆಟ್ ಹತ್ತಿರದ ಆಟಕ್ಕೆ ಹಿಂಜರಿಯುತ್ತಾರೆ. ತೀರಾ ಹೆಡ್ ಲೈಟ್ ಹಿಡಿದವರು ಹಿಂಭಾಗದಿಂದ ಹೊಡೆಯಲು ಹೆಣಗುತ್ತಾರೆ.

ಕ್ಲಿಯರ್ ಕೊನೆಯ ಗೆರೆಯ ಹತ್ತಿರಕ್ಕೆ ಹೋಗತೊಡಗಿದ ಮೇಲೆ ಶೈಲಿಯ ಪ್ರಶ್ನೆ ಬರುತ್ತದೆ. ಡಬಲ್ಸ್ ಜಾಸ್ತಿ ಆಡುತ್ತೀರಾ? ಜೋಡಿಯಲ್ಲಿ ನೆಟ್ ಹತ್ತಿರ ನಿಲ್ಲುವವರು ನೀವಾದರೆ ಹೆಡ್ ಲೈಟ್, 4ಯು ಅಥವಾ 5ಯು. ಅಲ್ಲಿ ಗೆಲ್ಲುವುದು ರಾಕೆಟ್ ಬೇಗ ಎತ್ತಿದವರು. ಹಿಂದೆ ನಿಂತು ಸ್ಮ್ಯಾಶ್ ಹೊಡೆಯುವ ಕೆಲಸ ನಿಮ್ಮದಾದರೆ ಸ್ವಲ್ಪ ಹೆಡ್ ಹೆವಿ ಆಗಬಹುದು, ಆದರೂ ತೂಕ 4ಯು ಇರಲಿ. ಎದುರಾಳಿ ಸ್ಮ್ಯಾಶ್ ಮಾಡುವಾಗ ತಡೆಯಬೇಕಾದವರೂ ನೀವೇ. ಹವ್ಯಾಸಿ ಡಬಲ್ಸ್‌ನಲ್ಲಿ ಇಬ್ಬರೂ ಜಾಗ ಬದಲಿಸುತ್ತಲೇ ಇರುತ್ತಾರೆ. ಹಾಗಾಗಿ ಈವನ್ ಬ್ಯಾಲೆನ್ಸ್ ಆರಿಸಿಕೊಂಡವರು ಪರದಾಡುವುದು ಕಡಿಮೆ.

ಸಿಂಗಲ್ಸ್‌ನಲ್ಲಿ ಪೂರ್ತಿ ಕೈ ಬೀಸಲು ಸಮಯ ಸಿಗುತ್ತದೆ, ಹಿಂಭಾಗದಿಂದ ಹೊಡೆಯುವುದೂ ಜಾಸ್ತಿ. ಈವನ್‌ನಿಂದ ಹೆಡ್ ಹೆವಿಯವರೆಗೆ ಯಾವುದಾದರೂ ನಡೆಯುತ್ತದೆ. ಸ್ಮ್ಯಾಶ್‌ಗಿಂತ ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪ್ ಮತ್ತು ಕ್ಲಿಯರ್ ಹಾಕಿ ಎದುರಾಳಿಯನ್ನು ಓಡಾಡಿಸುವವರಿಗೆ ಈವನ್ ಬ್ಯಾಲೆನ್ಸ್, ಮೀಡಿಯಂ ಅಥವಾ ಸ್ಟಿಫ್ ಶಾಫ್ಟ್, ಸ್ವಲ್ಪ ಬಿಗಿ ಗಟ್ಟು ಚೆನ್ನಾಗಿ ಕೂಡಿಬರುತ್ತದೆ.

ಭುಜ ಅಥವಾ ಮೊಣಕೈ ನೋವಿದ್ದರೆ ಮೇಲಿನ ಲೆಕ್ಕವೆಲ್ಲ ಪಕ್ಕಕ್ಕಿಡಿ. ಹಗುರ ರಾಕೆಟ್, ಬಾಗುವ ಶಾಫ್ಟ್, ಕಡಿಮೆ ಟೆನ್ಷನ್. ನೋವು ಹಾಗೇ ಉಳಿದರೆ ರಾಕೆಟ್ ಬದಲಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಚಿಕ್ಕ ಮಕ್ಕಳಿಗೆ ದೊಡ್ಡವರ ರಾಕೆಟ್ ಕೊಡುವುದೂ ಸರಿಯಲ್ಲ. ಅವರ ಎತ್ತರಕ್ಕೆ ತಕ್ಕ ಗಿಡ್ಡ ರಾಕೆಟ್‌ಗಳು ಸಿಗುತ್ತವೆ. ಉದ್ದದ ರಾಕೆಟ್ ಹಿಡಿದ ಮಗು ಮಣಿಕಟ್ಟನ್ನು ತಪ್ಪಾಗಿ ತಿರುಗಿಸಿ ಹೊಡೆಯಲು ಕಲಿಯುತ್ತದೆ. ಆ ಅಭ್ಯಾಸ ಬಿಡಿಸುವುದು ಕಷ್ಟ.

## ಕೊಳ್ಳುವ ಮುಂಚೆ

ಸಾಧ್ಯವಾದರೆ ಜೊತೆಯಲ್ಲಿ ಆಡುವವರ ರಾಕೆಟ್ ಕೇಳಿ ಪಡೆದು ಒಂದು ಆಟ ಆಡಿ. ನಾಲ್ಕು ಏಟು ಹೊಡೆದು ತೀರ್ಮಾನಿಸಬೇಡಿ, ಹೊಸ ರಾಕೆಟ್ ಮೊದಲ ಐದು ನಿಮಿಷ ಯಾವಾಗಲೂ ಚೆನ್ನಾಗಿಯೇ ಅನ್ನಿಸುತ್ತದೆ. ದಣಿದ ಮೇಲೂ ಕ್ಲಿಯರ್ ಕೊನೆಗೆ ಮುಟ್ಟುತ್ತಿದೆಯೇ, ಮೈಮೇಲೆ ಬಂದ ಸ್ಮ್ಯಾಶ್‌ಗೆ ರಾಕೆಟ್ ಸಮಯಕ್ಕೆ ಏಳುತ್ತಿದೆಯೇ ನೋಡಿ. ಹೊಡೆದು ನೋಡುವಾಗ ಅದರ ಗಟ್ಟಿನ ಟೆನ್ಷನ್ ಎಷ್ಟೆಂದು ಕೇಳುವುದನ್ನು ಮರೆಯಬೇಡಿ. 28 ಪೌಂಡಿಗೆ ಕಟ್ಟಿದ ರಾಕೆಟ್ ಹೊಂದಲಿಲ್ಲ ಅಂದರೆ ತಪ್ಪು ರಾಕೆಟ್‌ನದೇ ಆಗಿರಬೇಕೆಂದಿಲ್ಲ.

ಹಳೆಯ ರಾಕೆಟ್ ಕೊಳ್ಳುವುದಾದರೆ ಫ್ರೇಮಿನ ಸುತ್ತ ಉಗುರಿನಿಂದ ಸವರಿ ನೋಡಿ. ಡಬಲ್ಸ್‌ನಲ್ಲಿ ರಾಕೆಟ್‌ಗಳು ಒಂದಕ್ಕೊಂದು ತಗುಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತವೆ. ಬಣ್ಣ ಕೆತ್ತಿದ್ದರೆ ಪರವಾಗಿಲ್ಲ. ಬಿರುಕಿಗೆ ಉಗುರು ಸಿಕ್ಕಿಕೊಂಡರೆ ಬೇಡ, ಮುಂದಿನ ಗಟ್ಟಿಂಗ್‌ನಲ್ಲೇ ಅದು ಮುರಿಯಬಹುದು. ಹೆಸರಾಂತ ಮಾದರಿಗಳ ನಕಲಿಗಳೂ ಓಡಾಡುತ್ತವೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬದಿರುವುದೇ ಕ್ಷೇಮ.

ಹೊಂದುವ ರಾಕೆಟ್ ಸಿಕ್ಕಿದ ಮೇಲೆ ಎರಡನೆಯದು ಬೇಕಾದರೆ ಅದೇ ಮಾದರಿ, ಅದೇ ಯು, ಅದೇ ಜಿ ಕೊಂಡು, ಅದೇ ಗಟ್ಟನ್ನು ಅದೇ ಟೆನ್ಷನ್‌ಗೆ ಕಟ್ಟಿಸಿ, ಅದೇ ಗ್ರಿಪ್ ಸುತ್ತಿ. ಆಟದ ನಡುವೆ ಒಂದರ ಗಟ್ಟು ತುಂಡಾಗಿ ಇನ್ನೊಂದನ್ನು ಎತ್ತಿಕೊಂಡಾಗ ಕೈಗೆ ವ್ಯತ್ಯಾಸ ತಿಳಿಯಬಾರದು.